ಚಲನಚಿತ್ರೋತ್ಸವ: ಕನ್ನಡದ ಸ್ವತಂತ್ರ ಚಿತ್ರಗಳು ಮತ್ತು ಮಂಡ್ಯದ ಸೀಮೆ

ವ್ಯಾಪಾರದ ಚಿತ್ರಮಂದಿರಗಳಲ್ಲಿ ಎಡೆ ದೊರೆಯದ, ದೊರೆತರೂ ವಾರ ತುಂಬುವುದರೊಳಗೆ ತೆರೆಯಿಂದಿಳಿಯುವ ಚಿತ್ರಗಳನ್ನು ಒಂದೆಡೆ ಕಲೆಹಾಕಿ, ಕೆಲವು ದಿವಸಗಳ ಕಾಲ ಆಸಕ್ತರ ಮುಂದಿರಿಸಿ, ಕಂಡುದನ್ನು ಕುರಿತು ಮಾತನಾಡುವುದಕ್ಕೂ ಅವಕಾಶವೀಯುವ ಕೂಟವೇ ಚಲನಚಿತ್ರೋತ್ಸವ. 1932ರಲ್ಲಿ ವೆನಿಸ್ ನಗರದಲ್ಲಿ ಮೊದಲಾದ ಈ ಪದ್ಧತಿಯು ಭಾರತಕ್ಕೆ ಬಂದುದು 1952ರಲ್ಲಿ. ಆ ವರ್ಷದ ಜನವರಿಯಲ್ಲಿ ಮುಂಬಯಿಯಲ್ಲಿ ಆರಂಭವಾದ ಅಂತರರಾಷ್ಟ್ರೀಯ ಉತ್ಸವವು ಮದರಾಸು, ದೆಹಲಿ, ಕಲ್ಕತ್ತಗಳಿಗೂ ಸಂಚರಿಸಿತು. ಬೆಂಗಳೂರಿಗೆ ರಾಷ್ಟ್ರದ ಉತ್ಸವವು 1980ರಲ್ಲಿ ಒಮ್ಮೆ, 1992ರಲ್ಲಿ ಮತ್ತೊಮ್ಮೆ ಬಂದಿತು.

ಆದರೆ ಕನ್ನಡನಾಡಿನಲ್ಲಿ ಉತ್ಸವದ ಬೇರು ಇರುವುದು ಈ ದೊಡ್ಡ ಸಮಾರಂಭಗಳಲ್ಲಲ್ಲ, ನೋಡುವ ವಿದ್ಯೆಯನ್ನು ಸಾವಧಾನವಾಗಿ ಕಲಿಸಿದ ಸಣ್ಣ ಚಿತ್ರಸಮಾಜಗಳಲ್ಲಿ. 1970ನೆಯ ಸಾಲಿನಲ್ಲಿ ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ'ವು ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಮನ್ನಣೆಯನ್ನು ಪಡೆದು, ಮಲೆನಾಡಿನ ಅಗ್ರಹಾರವೊಂದರ ಕಥೆಯು ಲೋಕದ ಕಥೆಯೂ ಆಗಬಲ್ಲುದೆಂಬುದನ್ನು ತೋರಿಸಿಕೊಟ್ಟಿತು. ಮರುವರ್ಷವೇ ಬೆಂಗಳೂರಿನಲ್ಲಿ ಸುಚಿತ್ರ ಫಿಲಂ ಸೊಸೈಟಿ ಹುಟ್ಟಿತು. ಕೆ. ವಿ. ಸುಬ್ಬಣ್ಣನವರು ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಿಂದ ಬೆಳೆಸುತ್ತಿದ್ದ ನೀನಾಸಮ್ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಅಡಕೆ ಸುಲಿಯುವ ಕೈಗಳವರು, ಪಟ್ಟಣದ ಚಿತ್ರಮಂದಿರವನ್ನೇ ಅಪರೂಪವಾಗಿ ಕಂಡವರು, ಸತ್ಯಜಿತ್ ರಾಯ್, ಡಿ ಸಿಕಾ, ಕುರೊಸಾವಾ ಅವರ ಕೃತಿಗಳ ಮುಂದೆ ಕುಳಿತರು. ಪುಣೆಯ ಚಿತ್ರಶಿಕ್ಷಣ ಸಂಸ್ಥೆಯ ಸತೀಶ್ ಬಹಾದ್ದೂರ್ ಅವರು ರಸಗ್ರಹಣ ಶಿಬಿರಗಳಲ್ಲಿ ಪಾಠ ಹೇಳಿದರು. ಹಳ್ಳಿಗನಿಗೆ ಇಂಥ ಚಿತ್ರ ರುಚಿಸದೆಂಬ ಪೂರ್ವಗ್ರಹವನ್ನು ವಾದದಿಂದಲ್ಲದೆ ಅನುಭವದಿಂದಲೇ ಹುಸಿಯೆನಿಸಿದ ಈ ಕಾರ್ಯವು, ಈ ಲೇಖಕನ ಎಣಿಕೆಯಲ್ಲಿ, ಕನ್ನಡ ಚಿತ್ರಸಂಸ್ಕೃತಿಯ ಚರಿತ್ರೆಯಲ್ಲಿ ರಾಷ್ಟ್ರದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಯಾವ ಸ್ವರ್ಣಕಮಲಕ್ಕೂ ಕಡಮೆಯಾದುದಲ್ಲ. ಆ ದಶಕದಲ್ಲಿಯೇ 'ಚೋಮನ ದುಡಿ', 'ಘಟಶ್ರಾದ್ಧ'ಗಳಿಗೆ ಸ್ವರ್ಣಕಮಲ ಸಂದಿತು. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ವು ತೆರೆಕಂಡು ನಾಲ್ಕೂವರೆ ದಶಕಗಳು ಕಳೆದ ಮೇಲೆ, ಜೀರ್ಣೋದ್ಧಾರಗೊಂಡ ಪ್ರತಿಯಲ್ಲಿ, 2024ರ ವೆನಿಸ್ ಉತ್ಸವದಲ್ಲಿ ಪುನಃ ಬೆಳಕನ್ನು ಕಂಡಿತು.

ರಾಜ್ಯದ್ದೇ ಆದ ಉತ್ಸವವು ರೂಪುಗೊಂಡುದು 2006ರಲ್ಲಿ, ಸುಚಿತ್ರದ ಉಪಕ್ರಮದಿಂದ. ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವವೆಂದು ಹೆಸರಾದ ಇದರ ಹೊಣೆಯನ್ನು ಮುಂದೆ ಕರ್ನಾಟಕ ಚಲನಚಿತ್ರ ಅಕಾಡೆಮಿಯು ವಹಿಸಿಕೊಂಡಿತು. ಕನ್ನಡ ಚಿತ್ರಗಳಿಗೆ ಪ್ರತ್ಯೇಕ ಸ್ಪರ್ಧೆಯೂ ಏರ್ಪಟ್ಟಿತು. 2016ರ ಎಂಟನೆಯ ಉತ್ಸವವು ಬೆಂಗಳೂರಿನೊಡನೆ ಮೈಸೂರಿನಲ್ಲಿಯೂ ನಡೆದುದು, ಕಾವೇರಿ ಬಯಲಿನ ಪ್ರೇಕ್ಷಕನ ಮಟ್ಟಿಗೆ ನೆನೆಯತಕ್ಕ ಸಂಗತಿ. ಮೈಸೂರಿನ ದಸರೆಯಲ್ಲಿ ಚಿತ್ರೋತ್ಸವ ಒಂದು ಅಂಗ; ಅಲ್ಲಿನ ರಂಗಾಯಣದ 'ಬಹುರೂಪಿ' ನಾಟಕೋತ್ಸವದಲ್ಲಿ ನಾಟಕಗಳ ಜೊತೆಗೆ ಚಿತ್ರಗಳಿಗೂ ಸ್ಥಾನವುಂಟು.

ಮಂಡ್ಯದ ಸೀಮೆಗೆ ಉತ್ಸವವೆಂಬ ಪದವೂ ಕಥೆಯನ್ನು ಚಿತ್ರಗಳಲ್ಲಿ ನೋಡುವ ರೂಢಿಯೂ ಹೊಸವಲ್ಲ. ಬಸರಾಳಿನ ಮಲ್ಲಿಕಾರ್ಜುನ ದೇಗುಲವನ್ನು ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, ಸುಮಾರು 1234ರಲ್ಲಿ, ಹರಿಹರ ದಣ್ಣಾಯಕನು ಕಟ್ಟಿಸಿದನು. ಅದರ ಹೊರಗೋಡೆಯ ಪಟ್ಟಿಕೆಗಳಲ್ಲಿ ಪುರಾಣದ ಕಥೆಗಳು ಬಿಡಿಬಿಡಿ ದೃಶ್ಯಗಳಾಗಿ ಸಾಲುಗೊಂಡಿವೆ. ಪ್ರದಕ್ಷಿಣೆ ಬರುವವನ ಹೆಜ್ಜೆಯೇ ಅಲ್ಲಿ ಕಥೆಯನ್ನು ಮುಂದುವರಿಸುವುದು. ಚಿತ್ರ ನಿಂತಿರುವುದು, ನೋಡುವವನು ನಡೆಯುವನು. ತೆರೆಯ ಮುಂದೆ ಇದು ತಿರುವುಮುರುವಾಗುವುದೆಂಬುದನ್ನು ಆ ಗೋಡೆಯ ನೆರಳಿನಲ್ಲಿ ನಿಂತಾಗ ನೆನೆಯದಿರುವುದು ಕಷ್ಟ. ಮಳವಳ್ಳಿಯ ಕಡೆ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಪರಂಪರೆಯ ನೀಲಗಾರರು ತಂಬೂರಿ ಹಿಡಿದು ಇರುಳೆಲ್ಲ ಕಥೆ ಹಾಡುವರು. ವಿಶ್ವೇಶ್ವರಯ್ಯ ನಾಲೆಯ ನೀರು, 1933ರಲ್ಲಿ ಸ್ಥಾಪಿತವಾದ ಸಕ್ಕರೆ ಕಾರ್ಖಾನೆ, ಆಲೆಮನೆ ಇವುಗಳಿಂದ ಕೈಯಲ್ಲಿ ಕಾಸಾಡತೊಡಗಿದ ಮೇಲೆ ಜಾತ್ರೆಯ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆಗಳೂ ಎದ್ದವು. ನೆಲದ ಟಿಕೆಟ್ಟು ಕೊಂಡು ಮರಳ ಮೇಲೆ ಕುಳಿತ ತಲೆಮಾರಿಗೆ ಸಿನಿಮಾ ಜಾತ್ರೆಯ ಅಂಗವೇ ಆಗಿದ್ದಿತು.

ಈ ಸೀಮೆಯ ಬದುಕು ತನ್ನದೇ ರೂಪದಲ್ಲಿ ತೆರೆಯ ಮೇಲೆ ಬಂದುದು 'ತಿಥಿ'ಯಲ್ಲಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನವರಾದ ಈರೇಗೌಡರು ರಾಮ್ ರೆಡ್ಡಿಯವರೊಡನೆ ಬರೆದು, ರಾಮ್ ರೆಡ್ಡಿಯವರು ನಿರ್ದೇಶಿಸಿದ ಈ ಚಿತ್ರದಲ್ಲಿ ನಟವೃತ್ತಿಯವರಿಲ್ಲ. ಆಸುಪಾಸಿನ ಹಳ್ಳಿಗಳ ಜನರೇ ಪಾತ್ರಧಾರಿಗಳು. ನೂರೊಂದು ವರ್ಷದ ಸೆಂಚುರಿ ಗೌಡ ತೀರಿಕೊಂಡನೆಂಬಲ್ಲಿ ಕಥೆ ಮೊದಲಾಗಿ ಹನ್ನೊಂದನೆಯ ದಿನದ ತಿಥಿಯತ್ತ ಸಾಗುವುದು. ಮಗ ಗಡ್ಡಪ್ಪನಿಗೆ ಆಸ್ತಿಯ ಪರಿವೆಯಿಲ್ಲ, ಹೊಲಗಳ ನಡುವೆ ಅಲೆಯುವುದೇ ಆತನ ಬಾಳು; ಮೊಮ್ಮಗನಿಗೆ ಆ ಐದೆಕರೆಯನ್ನು ಮಾರಿಬಿಡುವ ತವಕ; ಮರಿಮಗನ ಮನಸ್ಸು ಕುರಿಗಾಹಿ ಹುಡುಗಿಯೊಬ್ಬಳ ಬೆನ್ನಿಗೆ. ಸಾವಿನ ಮನೆಯ ಅಡುಗೆ, ಖಾತೆಯ ಕಾಗದ, ಇಸ್ಪೀಟು, ಬೆಳಗಿನ ಬ್ರಾಂದಿ ಇವೆಲ್ಲವೂ ಅಲ್ಲಿ ಅಳತೆಗೆಡದೆ, ಕರುಣೆಯ ಪ್ರದರ್ಶನಕ್ಕೂ ಹಾಸ್ಯದ ಅತಿರೇಕಕ್ಕೂ ಜಾರದೆ ಬರುವುವು. ಹಳ್ಳಿಯನ್ನು ಒಳಗಿನಿಂದ ಬಲ್ಲವನ ಬರೆವಣಿಗೆಗಲ್ಲದೆ ಈ ಹದ ಸಾಧ್ಯವಿಲ್ಲ.

2015ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ 'ತಿಥಿ'ಯು ನವನಿರ್ದೇಶಕರ ವಿಭಾಗದ ಸ್ವರ್ಣ ಚಿರತೆಯನ್ನೂ ಉತ್ತಮ ಚೊಚ್ಚಲ ಚಿತ್ರದ ಪ್ರಶಸ್ತಿಯನ್ನೂ ಗಳಿಸಿತು. ಮುಂದೆ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂದಿತು. ಕರ್ನಾಟಕದ ಚಿತ್ರಮಂದಿರಗಳಿಗೆ ಅದು ಬಂದುದು 2016ರ ಮೇ ತಿಂಗಳಿನಲ್ಲಿ. ಮಂಡ್ಯದ ಹೊಲದಿಂದ ಹೊರಟ ಕಥೆಯು ಸ್ವಿಟ್ಜರ್ಲೆಂಡನ್ನು ಬಳಸಿಕೊಂಡು ಒಂಬತ್ತು ತಿಂಗಳಿಗೆ ತನ್ನವರ ಬಳಿಗೆ ಬಂದಿತೆಂಬುದು ಸ್ವತಂತ್ರ ಚಿತ್ರದ ಪಾಡನ್ನು ತಿಳಿಸುವುದು. ಹತ್ತಿರದ ಮಾರ್ಗವಿದ್ದಿದ್ದರೆ ಎಷ್ಟೋ ಒಳ್ಳಿತಾಗುತ್ತಿದ್ದಿತು. ಆದರೂ ಉತ್ಸವವೆಂಬ ಆ ಬಳಸುದಾರಿ ಇರದಿದ್ದರೆ ಅದು ಇಷ್ಟು ಜನರ ಕಣ್ಣಿಗೆ ಬೀಳುತ್ತಿತ್ತೆಂದು ಹೇಳಲು ಧೈರ್ಯವಾಗದು.

ಈರೇಗೌಡರು ತಾವೇ ನಿರ್ದೇಶಿಸಿದ 'ಬಳೆಕೆಂಪ'ಕ್ಕೆ 2018ರಲ್ಲಿ ರಾಟರ್‌ಡ್ಯಾಮ್ ಉತ್ಸವದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಒಕ್ಕೂಟದ ಪ್ರಶಸ್ತಿ ಲಭಿಸಿತು. ಬಳೆ ಮಾರುತ್ತ ಊರೂರು ತಿರುಗುವವನ ಮನೆಯ ಮೌನ ಅದರ ವಸ್ತು. ಉತ್ತರ ಕನ್ನಡದ ಕಾಡಂಚಿನಿಂದ ನಟೇಶ್ ಹೆಗಡೆಯವರ 'ಪೆಡ್ರೊ', ಕೊಪ್ಪಳದ ಕಡೆಯಿಂದ ಊರಿನ ಹೆಸರನ್ನೇ ಹೊತ್ತ 'ಶಿವಮ್ಮ ಯರೇಹಂಚಿನಾಳ' ಬುಸಾನ್ ಉತ್ಸವಕ್ಕೆ ಹೋದುವು. ಎರಡನೆಯದಕ್ಕೆ 2022ರಲ್ಲಿ ಅಲ್ಲಿನ ಪ್ರಧಾನ ಪ್ರಶಸ್ತಿಯೇ ದೊರೆಯಿತು. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರು, ಮುದುಕಿಯೊಬ್ಬಳು ಕೋಳಿಯನ್ನೊಯ್ದುದರಿಂದ ಊರಿಗೆ ಬೆಳಗಾಗದೆ ಹೋದ ಕಥೆಯನ್ನು ಕಿರುಚಿತ್ರವಾಗಿಸಿ, 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿಚಿತ್ರ ವಿಭಾಗದಲ್ಲಿ ಪ್ರಥಮ ಬಹುಮಾನವನ್ನು ಪಡೆದರು.

ಪರದೇಶದ ತೀರ್ಪುಗಾರರು ಈ ಚಿತ್ರಗಳ ಮಾತನ್ನು ತೆರೆಯ ಕೆಳಗಿನ ಅಕ್ಷರಗಳಲ್ಲಿ ಓದಿದವರು. ಹಕಾರವನ್ನು ನುಂಗಿ, 'ಹೋಗು' ಎಂಬುದನ್ನು 'ಓಗು' ಎನ್ನುವ ಮಂಡ್ಯದ ನುಡಿ, ಅದರ ಬೈಗುಳದೊಳಗಿನ ಅಕ್ಕರೆ, ಗಡ್ಡಪ್ಪನ ಒಂದು ಗೊಣಗಿನಲ್ಲಿ ಅಡಗಿದ ಎಷ್ಟೋ ವರ್ಷಗಳ ಬೇಸರ, ಇವು ಯಾವ ಅಕ್ಷರಕ್ಕೂ ಒಗ್ಗಿಲ್ಲ. ಅವನ್ನು ಕಿವಿಯಿಂದ ಕೇಳಿದವರು 2016ರ ಬೇಸಗೆಯಲ್ಲಿ ತಮ್ಮೂರ ಹತ್ತಿರದ ಚಿತ್ರಮಂದಿರಕ್ಕೆ ಬಂದ ಜನ.