ಉತ್ತರಾಧಿಕಾರಿಯ ಪೀಠ

'ವಜೀರ' ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಬೀದರಿನಲ್ಲಿ ಘನವಾದ ವಿದ್ಯಾಲಯವನ್ನು ಕಟ್ಟಿಸಿದ ಬಹಮನಿ ರಾಜ್ಯದ ವಜೀರ ಮಹಮೂದ್ ಗವಾನ್, 1481ರಲ್ಲಿ ತಾನು ಸೇವಿಸಿದ ಸುಲ್ತಾನನ ಆಜ್ಞೆಯಿಂದಲೇ ಹತನಾದುದನ್ನು ನಾವೆಲ್ಲ ಓದಿದ್ದೇವೆ. ಇದೇ ಮಾತು ಉತ್ತರ ಆಫ್ರಿಕದ ಟ್ಯುನೀಷಿಯಾ ದೇಶದಲ್ಲಿ ಇಪ್ಪತ್ತನೆಯ ಶತಮಾನ ಕಳೆದ ಮೇಲೂ ರಾಜ್ಯಾಡಳಿತದ ಮಾತಾಗಿಯೇ ಉಳಿದಿತ್ತು. ಅಲ್ಲಿ ಪ್ರಧಾನಮಂತ್ರಿಯನ್ನು 'ಅಲ್ ವಜೀರ್ ಅಲ್ ಅವ್ವಲ್', ಅಂದರೆ ಮೊದಲನೆಯ ವಜೀರ, ಎಂದು ಕರೆಯುತ್ತಿದ್ದರು. 'ಅವ್ವಲ್' ಕೂಡ ನಮ್ಮ ಕಚೇರಿಗಳಲ್ಲಿ ಓಡಾಡಿದ ಮಾತೇ.

ಸ್ವಾತಂತ್ರ್ಯ ಬಂದಂದಿನಿಂದ ಆ ಪೀಠವನ್ನು ಏರಿದವರು ಇಪ್ಪತ್ತಕ್ಕೂ ಹೆಚ್ಚು ಮಂದಿ. ಅವರೆಲ್ಲರ ಹೆಸರುಗಳನ್ನು ಸಾಲಾಗಿ ಒಪ್ಪಿಸುವುದು ನನ್ನ ಉದ್ದೇಶವಲ್ಲ. ಅಧ್ಯಕ್ಷನ ಪೀಠ ತೆರವಾದರೆ ಅಲ್ಲಿ ಕೂರಬೇಕಾದವರು ಯಾರು ಎಂಬ ಒಂದೇ ಪ್ರಶ್ನೆಯು ಈ ವಜೀರರ ಹಣೆಬರಹವನ್ನು ಹೇಗೆ ಬರೆಯಿತೆಂಬುದನ್ನು ಮಾತ್ರ ಇಲ್ಲಿ ಪರಿಶೀಲಿಸೋಣ.

1956ರ ಮಾರ್ಚ್ 20ರಂದು ಫ್ರಾನ್ಸಿನೊಡನೆ ಸ್ವಾತಂತ್ರ್ಯದ ಒಪ್ಪಂದಕ್ಕೆ ಸಹಿ ಹಾಕಿದವರು ಅಂದಿನ ಪ್ರಧಾನಿ ತಾಹರ್ ಬೆನ್ ಅಮ್ಮಾರ್. ಮುಂದಿನ ತಿಂಗಳೇ ಅವರ ಸ್ಥಾನಕ್ಕೆ ರಾಷ್ಟ್ರೀಯ ಹೋರಾಟದ ನಾಯಕ ಹಬೀಬ್ ಬೂರ್ಗೀಬಾ ಬಂದರು. ಸಹಿ ಹಾಕಿದ ಹಿರಿಯರನ್ನು 1958ರಲ್ಲಿ ಬಂಧಿಸಿ ವಿಚಾರಣೆಗೆ ಗುರಿಪಡಿಸಲಾಯಿತು. ಬೂರ್ಗೀಬಾ ಪ್ರಧಾನಿಯಾಗಿದ್ದಷ್ಟು ಕಾಲ ದೇಶಕ್ಕೆ 'ಬೇ' ಎಂಬ ಬಿರುದಿನ ದೊರೆಯಿದ್ದ. 1957ರ ಜುಲೈ 25ರಂದು ಅರಸೊತ್ತಿಗೆಯನ್ನೇ ತೆಗೆದುಹಾಕಿ, ಬೂರ್ಗೀಬಾ ಗಣರಾಜ್ಯದ ಅಧ್ಯಕ್ಷರಾದರು. ತಾವು ಏರಿ ಬಂದ ಮೆಟ್ಟಿಲನ್ನು ಅವರು ಹಿಂದೆ ಬಿಡಲಿಲ್ಲ. ಪ್ರಧಾನಿಯ ಪದವಿಯೇ ಇಲ್ಲದೆ ಹನ್ನೆರಡು ವರ್ಷ ಆಡಳಿತ ನಡೆಯಿತು.

ಆ ಪದವಿ ಮರಳಿ ಬಂದದ್ದು ಸಂಕಟದ ಗಳಿಗೆಯಲ್ಲಿ. 1969ರಲ್ಲಿ ಅಧ್ಯಕ್ಷರ ಆರೋಗ್ಯ ಕೆಟ್ಟಿತ್ತು. ಮಂತ್ರಿ ಅಹಮದ್ ಬೆನ್ ಸಾಲಾ ಹೂಡಿದ್ದ ಸಹಕಾರಿ ಬೇಸಾಯದ ಯೋಜನೆ ರೈತರ ವಿರೋಧದಿಂದ ಕುಸಿದಿತ್ತು. ನವೆಂಬರಿನಲ್ಲಿ ಬಾಹಿ ಲದ್ಗಮ್ ಪ್ರಧಾನಿಯಾದರು. ಅದೇ ವರ್ಷದ ಕೊನೆಯ ದಿನ ಸಂವಿಧಾನಕ್ಕೆ ತಿದ್ದುಪಡಿಯಾಯಿತು: ಅಧ್ಯಕ್ಷ ಮರಣ ಹೊಂದಿದರೆ ಅಥವಾ ಅಶಕ್ತನಾದರೆ ಪ್ರಧಾನಿಯೇ ಆ ಸ್ಥಾನಕ್ಕೆ ಬರತಕ್ಕದ್ದು. 1976ರ ಪರಿಷ್ಕರಣದ ತರುವಾಯ ಇದೇ ಐವತ್ತೇಳನೆಯ ವಿಧಿ ಎನಿಸಿಕೊಂಡಿತು.

ಮೇಲುನೋಟಕ್ಕೆ ಇದು ವಿವೇಕದ ಏರ್ಪಾಡು. ಆದರೆ ಈ ವಿಧಿಯಿಂದಾಗಿ ಪ್ರಧಾನಿಯಾದವನು ಸಹಾಯಕನೂ ಹೌದು, ವಾರಸುದಾರನೂ ಹೌದು ಎಂದಾಯಿತು. ವಾರಸುದಾರನನ್ನು ದಿನನಿತ್ಯ ಕಣ್ಣೆದುರು ಕಾಣುವ ವೃದ್ಧ ಯಜಮಾನನ ಮನಸ್ಸು ಹೇಗಿದ್ದೀತು? ಲದ್ಗಮ್ ಒಂದೇ ವರ್ಷದಲ್ಲಿ ನಿರ್ಗಮಿಸಿದರು. ಕೇಂದ್ರ ಬ್ಯಾಂಕಿನ ಗವರ್ನರಾಗಿದ್ದ ಹೇದಿ ನುವೈರಾ ಹತ್ತು ವರ್ಷ ತಾಳಿದರು. ಅವರ ಕಾಲದಲ್ಲಿಯೇ, 1975ರಲ್ಲಿ, ಬೂರ್ಗೀಬಾ ಆಜೀವ ಅಧ್ಯಕ್ಷರೆಂದು ಘೋಷಿತರಾದರು. 1978ರ ಜನವರಿ 26ರಂದು ಕಾರ್ಮಿಕರ ಸಾರ್ವತ್ರಿಕ ಮುಷ್ಕರ ರಕ್ತಪಾತದಲ್ಲಿ ಮುಗಿಯಿತು. 1980ರಲ್ಲಿ ಕಾಯಿಲೆ ಬಿದ್ದು ನುವೈರಾ ಪೀಠವನ್ನು ಬಿಟ್ಟರು.

ಅವರ ನಂತರ ಬಂದವರು ಮಹಮದ್ ಮಝಾಲಿ. ಸಾಹಿತ್ಯಪ್ರಿಯರು ಇವರ ಬಗೆಗೆ ತುಸು ನಿಂತು ಯೋಚಿಸಬೇಕು. ಮಝಾಲಿ ಸ್ವತಃ ಲೇಖಕರು. 1955ರಲ್ಲಿ 'ಅಲ್ ಫಿಕ್ರ್', ಎಂದರೆ 'ಚಿಂತನೆ', ಎಂಬ ಸಾಹಿತ್ಯ ಪತ್ರಿಕೆಯನ್ನು ಆರಂಭಿಸಿದವರು. ಶಿಕ್ಷಣಮಂತ್ರಿಯಾಗಿ ಫ್ರೆಂಚಿನ ಪ್ರಾಬಲ್ಯದ ನಡುವೆ ಶಾಲೆಗಳಲ್ಲಿ ಅರಬ್ಬಿಗೆ ಸ್ಥಾನ ದೊರಕಿಸಲು ದುಡಿದವರು. 1983ರ ಕೊನೆಯಲ್ಲಿ ಸರಕಾರ ರೊಟ್ಟಿಯ ಬೆಲೆಯನ್ನು ಇಮ್ಮಡಿಗೊಳಿಸಿದಾಗ ದಕ್ಷಿಣದ ಊರುಗಳಲ್ಲಿ ಹೊತ್ತಿದ ಕಿಡಿ ರಾಜಧಾನಿ ಟ್ಯೂನಿಸ್ ನಗರವನ್ನೂ ಮುಟ್ಟಿತು. ಹತ್ತಾರು ಜನ ಸತ್ತರು. 1984ರ ಜನವರಿ 6ರಂದು ಬೂರ್ಗೀಬಾ ಹಳೆಯ ಬೆಲೆಯೇ ಮುಂದುವರಿಯುವುದೆಂದು ಸಾರಿದರು. ಏರಿಸಿದ ಅಪಕೀರ್ತಿ ಪ್ರಧಾನಿಗೆ, ಇಳಿಸಿದ ಕೀರ್ತಿ ಅಧ್ಯಕ್ಷರಿಗೆ! 1986ರ ಜುಲೈಯಲ್ಲಿ ಮಝಾಲಿ ಪದಚ್ಯುತರಾದರು. ಎರಡು ತಿಂಗಳೊಳಗೆ ಅವರು ಗಡಿ ದಾಟಿ ಅಲ್ಜೀರಿಯಾ ಸೇರಿ ಪ್ರಾಣ ಉಳಿಸಿಕೊಳ್ಳಬೇಕಾಯಿತು. ಮೂವತ್ತು ವರ್ಷ ನಡೆದ ಪತ್ರಿಕೆಯೂ ಅದೇ ವರ್ಷ ನಿಂತಿತು. ಮಹಮೂದ್ ಗವಾನನ ಕಾಲಕ್ಕೂ ಈ ಕಾಲಕ್ಕೂ ಇದ್ದ ಅಂತರ ಒಂದು ಗಡಿರೇಖೆಯಷ್ಟೇ ಎನಿಸುತ್ತದೆ.

ಮಝಾಲಿಯ ಬಳಿಕ ಅರ್ಥಶಾಸ್ತ್ರ ಬಲ್ಲ ರಶೀದ್ ಸ್ಫಾರ್ ಒಂದು ವರ್ಷದಷ್ಟು ಕಾಲ ಪ್ರಧಾನಿಯಾಗಿದ್ದರು. 1987ರ ಅಕ್ಟೋಬರ್ 2ರಂದು ಆ ಪದವಿಗೆ ಬಂದವರು ಸೇನಾಧಿಕಾರಿಯಾಗಿದ್ದ ಜೈನುಲ್ ಆಬಿದೀನ್ ಬೆನ್ ಅಲಿ. ಐವತ್ತೇಳನೆಯ ವಿಧಿಯನ್ನು ಅವರು ಎಲ್ಲರಿಗಿಂತ ಚೆನ್ನಾಗಿ ಓದಿಕೊಂಡಿದ್ದರು. ನವೆಂಬರ್ 7ರ ಬೆಳಗಿನ ಜಾವ ಏಳು ಮಂದಿ ವೈದ್ಯರ ಪ್ರಮಾಣಪತ್ರವನ್ನು ಮುಂದಿಟ್ಟು, ಎಂಬತ್ತು ದಾಟಿದ ಬೂರ್ಗೀಬಾ ಆಳಲು ಅಶಕ್ತರೆಂದು ರೇಡಿಯೋದಲ್ಲಿ ಘೋಷಿಸಿದರು. ಒಂದು ಗುಂಡೂ ಹಾರಲಿಲ್ಲ. ಕಾನೂನಿನ ಒಂದಕ್ಷರವೂ ಮೇಲುನೋಟಕ್ಕೆ ಮುರಿಯಲಿಲ್ಲ. ಹಳೆಯ ನಾಯಕ ಮುಂದಿನ ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲವನ್ನು ಕಾವಲಿನಲ್ಲಿಯೇ ಕಳೆದು, 2000ದಲ್ಲಿ ತಮ್ಮ ಹುಟ್ಟೂರು ಮೊನಾಸ್ತಿರಿನಲ್ಲಿ ತೀರಿಕೊಂಡರು.

ತಾನು ಬಂದ ದಾರಿಯಲ್ಲಿ ಇನ್ನೊಬ್ಬ ಬರಬಾರದೆಂಬ ಎಚ್ಚರ ಹೊಸ ಅಧ್ಯಕ್ಷರಿಗೂ ಇತ್ತು. 1988ರಲ್ಲಿ ಐವತ್ತೇಳನೆಯ ವಿಧಿಯನ್ನು ತಿದ್ದಲಾಯಿತು. ಪ್ರಧಾನಿಗೆ ಬದಲು ಸಂಸತ್ತಿನ ಸಭಾಧ್ಯಕ್ಷ ತಾತ್ಕಾಲಿಕವಾಗಿ ಅಧ್ಯಕ್ಷನಾಗಬೇಕು. ಮುಂದಿನ ಚುನಾವಣೆಗೆ ಆತ ನಿಲ್ಲಕೂಡದು. ವಾರಸಿಕೆಯ ಹಕ್ಕು ಹೋದೊಡನೆ ಪ್ರಧಾನಿಗಳ ಆಯುಸ್ಸು ಬೆಳೆದುದನ್ನು ಗಮನಿಸಬೇಕು. ಹಾಮಿದ್ ಕರೂಯಿ ಹತ್ತು ವರ್ಷ, ಮಹಮದ್ ಘನ್ನೂಷಿ ಹನ್ನೊಂದು ವರ್ಷ ಪದವಿಯಲ್ಲಿದ್ದರು. ಅವರಿಂದ ಯಾರಿಗೂ ಭಯವಿರಲಿಲ್ಲ. ಅವರಿಗೆ ಅಧಿಕಾರವೂ ಇರಲಿಲ್ಲ.

2010ರ ಡಿಸೆಂಬರ್ 17ರಂದು ಸೀದಿ ಬೂಜೀದ್ ಊರಿನ ತಳ್ಳುಗಾಡಿಯ ವ್ಯಾಪಾರಿ ಮಹಮದ್ ಬೂವಜೀಜಿ, ಅಧಿಕಾರಿಗಳ ಕಿರುಕುಳಕ್ಕೆ ನೊಂದು ಮೈಗೆ ಬೆಂಕಿ ಹಚ್ಚಿಕೊಂಡ. ನಾಲ್ಕು ವಾರಗಳಲ್ಲಿ ದೇಶವೇ ಎದ್ದು ನಿಂತಿತು. 2011ರ ಜನವರಿ 14ರಂದು ಬೆನ್ ಅಲಿ ವಿಮಾನವೇರಿ ಪಲಾಯನ ಮಾಡಿದರು. ಅಂದು ಸಂಜೆ ಘನ್ನೂಷಿ ಬೇರೊಂದು ವಿಧಿಯನ್ನು ಆಧರಿಸಿ, ತಾವು ತಾತ್ಕಾಲಿಕವಾಗಿ ಅಧಿಕಾರ ವಹಿಸುವುದಾಗಿ ಹೇಳಿದರು. ಮರುದಿನವೇ ಸಂವಿಧಾನ ಪರಿಷತ್ತು ಸ್ಥಾನ ಸಂಪೂರ್ಣ ತೆರವಾಗಿದೆಯೆಂದು ನಿರ್ಣಯಿಸಿತು. ಐವತ್ತೇಳನೆಯ ವಿಧಿಯಂತೆ ಸಭಾಧ್ಯಕ್ಷ ಫುವಾದ್ ಮೆಬಜಾ ಅಧ್ಯಕ್ಷರಾದರು. ವರ್ಷದ ಕೊನೆಗೆ ಪೀಠವನ್ನು ಒಪ್ಪಿಸಿ ಹೊರಟರು. ಸರ್ವಾಧಿಕಾರಿ ತನ್ನ ರಕ್ಷಣೆಗಾಗಿ ತಿದ್ದಿದ ವಿಧಿ, ಅವನಿಲ್ಲದ ನಾಡನ್ನು ಅರಾಜಕತೆಯಿಂದ ರಕ್ಷಿಸಿತು.

ಆ ಬಳಿಕ ಪದವಿಯ ಹೆಸರೇ ಬದಲಾಯಿತು. 2011ರ ಡಿಸೆಂಬರಿನಲ್ಲಿ ಬಂದ ಹಮ್ಮಾದಿ ಜೆಬಾಲಿ 'ರಯೀಸ್ ಅಲ್ ಹುಕೂಮ', ಸರಕಾರದ ಮುಖ್ಯಸ್ಥ, ಎನಿಸಿಕೊಂಡರು. ಇದರಲ್ಲಿನ 'ಹುಕೂಮ' ನಮ್ಮ 'ಹುಕುಂ' ಎಂಬುದರ ಬಳಗದ ಮಾತು. ಹೊರೆ ಹೊರುವ ವಜೀರ ಹೋಗಿ ಹುಕುಂ ಮಾಡಬಲ್ಲ ಅಧಿಕಾರಿ ಬಂದನೆಂದು ತಿಳಿಯಬಹುದು. ಜೆಬಾಲಿಯೂ ಅವರ ನಂತರದ ಅಲಿ ಲಾರಾಯಿದರೂ ಬೆನ್ ಅಲಿಯ ಸೆರೆಮನೆಗಳಲ್ಲಿ ವರ್ಷಗಟ್ಟಲೆ ಕೊಳೆತವರು. 2014ರ ಸಂವಿಧಾನ ಸರಕಾರವನ್ನು ಸಂಸತ್ತಿಗೆ ಹೊಣೆಯಾಗಿಸಿತು. 2016ರ ಜುಲೈಯಲ್ಲಿ ಅಧ್ಯಕ್ಷರ ಒತ್ತಡಕ್ಕೆ ಮಣಿದು ರಾಜೀನಾಮೆ ಕೊಡಲು ಒಪ್ಪದ ಹಬೀಬ್ ಎಸ್ಸಿದ್ ಸಂಸತ್ತಿನ ವಿಶ್ವಾಸವನ್ನೇ ಕೇಳಿದರು. ವಿರುದ್ಧವಾಗಿ 118 ಮತ, ಪರವಾಗಿ ಮೂರೇ ಮೂರು! ಸೋಲೇನೋ ಘೋರವಾದದ್ದು. ಆದರೂ ಈ ದೀರ್ಘ ಚರಿತ್ರೆಯಲ್ಲಿ ನನಗೆ ಅತ್ಯಂತ ಗೌರವದ್ದಾಗಿ ಕಾಣುವ ನಿರ್ಗಮನ ಇದೇ. ಆತ ಗಡಿ ದಾಟಬೇಕಾಗಲಿಲ್ಲ. ಎಣಿಕೆ ಮುಗಿದ ಮೇಲೆ ಮನೆಗೆ ಹೋದರು.

ಆ ಸಂವಿಧಾನ ಹನ್ನೆರಡು ನ್ಯಾಯಾಧೀಶರ ಸಾಂವಿಧಾನಿಕ ನ್ಯಾಯಾಲಯವೊಂದನ್ನೂ ವಿಧಿಸಿತ್ತು. ಸಂಸತ್ತು ತನ್ನ ಪಾಲಿನ ನಾಲ್ವರಲ್ಲಿ ಒಬ್ಬರನ್ನು ಮಾತ್ರ ಆರಿಸಲು ಶಕ್ತವಾಯಿತು. ಪಕ್ಷಗಳ ಜಗಳದಲ್ಲಿ ಉಳಿದ ಆಸನಗಳು ಬರಿದಾಗಿಯೇ ಇದ್ದವು. 2021ರ ಜುಲೈ 25ರಂದು, ಸಂವಿಧಾನ ಶಾಸ್ತ್ರದ ಅಧ್ಯಾಪಕರಾಗಿದ್ದ ಅಧ್ಯಕ್ಷ ಕೈಸ್ ಸಯೀದ್, ಎಂಬತ್ತನೆಯ ವಿಧಿಯನ್ನು ತಾವೇ ಅರ್ಥೈಸಿ, ಸರಕಾರದ ಮುಖ್ಯಸ್ಥ ಹಿಷಾಮ್ ಮಶೀಶಿಯನ್ನು ವಜಾಮಾಡಿ ಸಂಸತ್ತನ್ನು ಅಮಾನತುಗೊಳಿಸಿದಾಗ, ಆ ಅರ್ಥ ಸರಿಯೇ ಎಂದು ಕೇಳಬಲ್ಲ ಪೀಠ ಇರಲಿಲ್ಲ. ಆ ಬಳಿಕ ನೇಮಕಗೊಂಡ ನಜ್ಲಾ ಬೂದನ್ ಅರಬ್ ಜಗತ್ತಿನಲ್ಲಿಯೇ ಸರಕಾರದ ಮುಖ್ಯಸ್ಥೆಯಾದ ಮೊದಲ ಮಹಿಳೆ. ಆದರೆ 2022ರ ಸಂವಿಧಾನ ಸರಕಾರವನ್ನು ಅಧ್ಯಕ್ಷನಿಗೇ ಹೊಣೆಯಾಗಿಸಿತು. 2021ರಿಂದ 2025ರ ಮಾರ್ಚ್‌ವರೆಗಿನ ಅವಧಿಯಲ್ಲಿ ಆ ಪೀಠಕ್ಕೆ ನಾಲ್ವರು ಬಂದರು. ಲಾರಾಯಿದ್ ಮತ್ತೆ ಸೆರೆಮನೆ ಸೇರಿದರು. 2025ರಲ್ಲಿ ಅವರಿಗೆ 34 ವರ್ಷಗಳ ಶಿಕ್ಷೆಯನ್ನು ವಿಧಿಸಲಾಯಿತು.

ಒಂದು ವಿಧಿ ಒಳ್ಳೆಯದೇ ಕೆಟ್ಟದೇ ಎಂಬುದನ್ನು ಅದರ ಅಕ್ಷರಗಳಿಂದ ನಿರ್ಣಯಿಸಲಾಗದು. 1987ರಲ್ಲಿ ಅದನ್ನು ಓದಿದವನು ಅದರ ಲಾಭ ಪಡೆಯುವವನೇ ಆಗಿದ್ದ. 2011ರಲ್ಲಿ ಓದಿದ್ದು ಬೇರೊಂದು ಪರಿಷತ್ತು. 2021ರಲ್ಲಿ ಓದಬೇಕಾದವರು ಇರಲೇ ಇಲ್ಲ. 2022ರ ಸಂವಿಧಾನದ ಪ್ರಕಾರ ಅಧ್ಯಕ್ಷನ ಪೀಠ ತೆರವಾದರೆ ತಾತ್ಕಾಲಿಕವಾಗಿ ಅಲ್ಲಿ ಕೂರಬೇಕಾದವರು ಸಾಂವಿಧಾನಿಕ ನ್ಯಾಯಾಲಯದ ಅಧ್ಯಕ್ಷರು. ಆ ಸಂವಿಧಾನ ಜಾರಿಗೆ ಬಂದು ಎರಡು ವರ್ಷ ಕಳೆದರೂ ಅಂಥ ನ್ಯಾಯಾಲಯ ರಚನೆಯಾಗಿರಲಿಲ್ಲ.