ತೂಬಿನ ಗಳುವಿನಿಂದ ಯಂತ್ರದ ಪೆಟ್ಟಿಗೆಗೆ

ವಾಚಕರೆ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ತಾವು ನೋಡಿರಬಹುದು. ಶಾಂತಿಸಾಗರವೆಂದೂ ಅದಕ್ಕೆ ಹೆಸರುಂಟು. ಎರಡು ಗುಡ್ಡಗಳ ನಡುವೆ ಹರಿದ್ರಾ ನದಿ ನುಸುಳಿಹೋಗುವ ಕಂಡಿಗೆ ಏರಿ ಹಾಕಿ ಹಿಂದಿನವರು ಆ ನೀರನ್ನು ನಿಲ್ಲಿಸಿದರು. ಶಾಂತವ್ವೆಯೆಂಬ ರಾಜಕುಮಾರಿ ಕಟ್ಟಿಸಿದಳೆಂದು ಜನ ಹೇಳುತ್ತಾರೆ. ಏರಿಯಲ್ಲಿರುವ ಎರಡು ತೂಬುಗಳಿಗೆ ಸಿದ್ಧ, ಬಸವ ಎಂದು ಹೆಸರು. ತೂಬನ್ನೂ ಮನೆಮಗನಂತೆ ಹೆಸರಿಟ್ಟು ಕರೆದ ಜನ ನಮ್ಮವರು.

ನಮ್ಮ ಹಳೆಯ ಕೆರೆಗಳ ತೂಬಿನ ರಚನೆ ಬಹು ಸರಳವಾದದ್ದು. ನೀರಿನೊಳಗೆ ಎರಡು ಕಲ್ಲುಕಂಬ, ಅವಕ್ಕೆ ಅಡ್ಡಗಲ್ಲು, ನಡುವೆ ಇಳಿಬಿಟ್ಟ ಮರದ ಗಳು, ಗಳುವಿನ ತುದಿಯಲ್ಲಿ ಕಂಡಿಯನ್ನು ಮುಚ್ಚುವ ಬೆಣೆ. ಗಳುವನ್ನು ಎಷ್ಟು ಎತ್ತಬೇಕೆಂಬುದನ್ನು ನೀರುಗಂಟಿ ಬಲ್ಲನು. ಬೆಣೆ ಸವೆದರೆ ಊರ ಬಡಗಿ ಹೊಸದನ್ನು ಕಡೆದು ಕೊಡುವನು. ನಡೆಸುವವನೂ ರಿಪೇರಿ ಮಾಡುವವನೂ ಕೂಗಳತೆಯಲ್ಲಿಯೇ ಇದ್ದರು. ಈ ಮಾತು ತಮ್ಮ ನೆನಪಿನಲ್ಲಿರಲಿ.

ಈಗ ಕಾಲುವೆಯ ಗೇಟು, ನೀರೆತ್ತುವ ಪಂಪು, ಅಕ್ಕಿಯ ಗಿರಣಿ ಮೊದಲಾದುವನ್ನು ನಡೆಸಲು ಒಂದು ಪೆಟ್ಟಿಗೆ ಬಂದಿದೆ. ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್ ಎಂಬುದು ಅದರ ಪೂರ್ಣನಾಮ, ಪಿ.ಎಲ್.ಸಿ. ಎಂಬುದು ಬಳಕೆಯ ಹೆಸರು. ನೀರಿನ ಮಟ್ಟ ಇಷ್ಟಕ್ಕೆ ಬಂದರೆ ಪಂಪು ನಿಲ್ಲಲಿ, ಮೋಟಾರು ಕಾದರೆ ಗಂಟೆ ಬಾರಿಸಲಿ ಎಂದು ಒಮ್ಮೆ ಬರೆದಿಟ್ಟರೆ, ಆ ಅಪ್ಪಣೆಯನ್ನು ಕ್ಷಣಕ್ಷಣವೂ ಓದಿ ನಡೆಸುವುದೇ ಅದರ ಕೆಲಸ.

ಇದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ರಿಲೇ ಎಂಬ ವಿದ್ಯುತ್ ಕೀಲುಗಳು ನಡೆಸುತ್ತಿದ್ದುವು. ಕಾರಿನ ಮಾದರಿ ಬದಲಾದಾಗಲೆಲ್ಲ ಅವುಗಳ ತಂತಿಗಳನ್ನು ಕಿತ್ತು ಮತ್ತೆ ಜೋಡಿಸಬೇಕಾಗುತ್ತಿತ್ತು. ತಂತಿ ಬದಲಿಸದೆ ಬರಹವನ್ನಷ್ಟೆ ಬದಲಿಸಬಹುದಾದ ಸಾಧನ ಬೇಕೆಂದು ೧೯೬೮ರಲ್ಲಿ ಆ ಸಂಸ್ಥೆಯ ಹೈಡ್ರಮ್ಯಾಟಿಕ್ ವಿಭಾಗ ಕೇಳಿತು. ರಿಚರ್ಡ್ ಮಾರ್ಲಿ ಎಂಬ ಎಂಜಿನಿಯರನೂ ಅವನ ಬೆಡ್‌ಫರ್ಡ್ ಅಸೋಸಿಯೇಟ್ಸ್ ಸಂಸ್ಥೆಯ ಜೊತೆಗಾರರೂ ಅದನ್ನು ನಿರ್ಮಿಸಿದರು. ಅದು ಆ ಸಂಸ್ಥೆಯ ೮೪ನೆಯ ಕೆಲಸವಾದ್ದರಿಂದ ಮೋಡಿಕಾನ್ ೦೮೪ ಎಂಬ ಹೆಸರು ಪಡೆಯಿತು.

ಆ ಪೆಟ್ಟಿಗೆ ಗೆದ್ದದ್ದು ಕೇವಲ ಜಾಣತನದಿಂದಲ್ಲ. ಕಾರ್ಖಾನೆಯ ಎಲೆಕ್ಟ್ರಿಷಿಯನ್ನರು ರಿಲೇ ತಂತಿಗಳ ನಕ್ಷೆಯನ್ನು ಏಣಿಯ ಆಕಾರದಲ್ಲಿ ಬರೆದುಕೊಳ್ಳುತ್ತಿದ್ದರು. ಎರಡು ನಿಲುಗೆರೆ, ನಡುವೆ ಮೆಟ್ಟಿಲು. ಹೊಸ ಪೆಟ್ಟಿಗೆಗೆ ಅಪ್ಪಣೆ ಬರೆಯುವ ಭಾಷೆಯೂ ಅದೇ ಏಣಿಯ ಚಿತ್ರವಾಯಿತು. ರಿಪೇರಿಯವನು ಹೊಸ ವಿದ್ಯೆ ಕಲಿಯಬೇಕಾಗಲಿಲ್ಲ. ಯಂತ್ರವೇ ಅವನ ಭಾಷೆಯನ್ನು ಕಲಿಯಿತು.

ಮುಂದೆ ಅಲೆನ್ ಬ್ರಾಡ್ಲಿ, ಸೀಮೆನ್ಸ್, ಮಿತ್ಸುಬಿಷಿ, ಆಮ್ರಾನ್ ಮೊದಲಾದ ಹೆಸರುಗಳು ಬಂದುವು. ೧೯೯೩ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ಆಯೋಗವು ಈ ಬರವಣಿಗೆಗೆ ಸಮಾನ ವ್ಯಾಕರಣವೊಂದನ್ನು ಪ್ರಕಟಿಸಿತು. ಆದರೂ ಒಬ್ಬರ ಪೆಟ್ಟಿಗೆಗೆ ಬರೆದುದು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಹಾಗೆಯೇ ನಡೆಯದು. ತೆಲುಗು ಲಿಪಿ ಕನ್ನಡಕ್ಕೆ ಸೋದರಿಯಾದರೂ, ಕನ್ನಡವೊಂದನ್ನೇ ಬಲ್ಲವನಿಗೆ ತೆಲುಗಿನ ಪುಸ್ತಕ ಅರ್ಥವಾಗದಷ್ಟೆ? ಆದ್ದರಿಂದ ಬ್ರಾಂಡಿನ ಆಯ್ಕೆಯೆಂಬುದು ಒಂದು ದಿನದ ಖರೀದಿಯಲ್ಲ. ಹತ್ತಿಪ್ಪತ್ತು ವರ್ಷಗಳ ನಂಟಸ್ತಿಕೆ.

ಇದು ದೂರದ ಮಾತೆನ್ನಬೇಡಿ. ಹತ್ತು ಸಾವಿರ ಕ್ಯೂಸೆಕ್ಸ್ ನೀರು ಹರಿಯಬಲ್ಲ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣವು ೨೦೨೩ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಗೇಟುಗಳನ್ನು ದೂರದಿಂದಲೇ ನಡೆಸುವ ವ್ಯವಸ್ಥೆಯಿದೆ. ನಮ್ಮಲ್ಲಿ ಜಗಳೂರಿನ ೫೭ ಕೆರೆಗಳಿಗೆ ತುಂಗಭದ್ರೆಯ ನೀರನ್ನು ಎತ್ತಿ ತುಂಬಿಸುವ ಯೋಜನೆಯಿದೆ. ಬರದ ಸೀಮೆಯಲ್ಲಿ ಪಂಪು ಒಂದು ವಾರ ನಿಂತರೆ ಅದರ ಬೆಲೆಯೇನೆಂದು ಅಲ್ಲಿಯ ರೈತರನ್ನು ಕೇಳಬೇಕು.

ಹೊನ್ನಾಳಿಯ ಕಡೆ ನನ್ನ ಬಂಧುವೊಬ್ಬರ ಅಕ್ಕಿ ಗಿರಣಿಯಿದೆ. ಸುಗ್ಗಿಯ ಕಾಲದಲ್ಲಿ ಅದರ ಪೆಟ್ಟಿಗೆ ಕೆಟ್ಟಿತು. ಹೊಸ ಪೆಟ್ಟಿಗೆ ನಾಲ್ಕು ದಿನದಲ್ಲಿ ಬಂತು. ಒಳಗೆ ತುಂಬಬೇಕಾದ ಬರಹವೇ ಇಲ್ಲ. ಅದನ್ನು ಬರೆದ ಗುತ್ತಿಗೆದಾರನು ಗುಪ್ತಪದದ ಬೀಗ ಹಾಕಿ, ಪ್ರತಿಯನ್ನೂ ಕೊಡದೆ, ವ್ಯಾಪಾರವನ್ನೇ ಬಿಟ್ಟು ಹೋಗಿದ್ದನು. ಇಪ್ಪತ್ತು ದಿನ ಭತ್ತದ ಮೂಟೆಗಳು ಅಂಗಳದಲ್ಲಿ ಉಳಿದುವು, ಹಮಾಲರು ಕೆಲಸವಿಲ್ಲದೆ ಹಿಂತಿರುಗಿದರು. ಅದು ಹೆಸರಾಂತ ಬ್ರಾಂಡೇ ಆಗಿತ್ತು. ಪೆಟ್ಟಿಗೆಯಲ್ಲಿ ದೋಷವಿರಲಿಲ್ಲ, ಆರಿಸುವಾಗ ಕೇಳಬೇಕಾದುದನ್ನು ಇವರು ಕೇಳಿರಲಿಲ್ಲ.

ಹಾಗಾದರೆ ಏನು ಕೇಳಬೇಕು? ಬೆಲೆಯನ್ನು ಕೊನೆಗೆ ಕೇಳಿ. ಈ ಪೆಟ್ಟಿಗೆಯನ್ನು ಬಲ್ಲವರು ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಇದ್ದಾರೆಯೆ? ಬಿಡಿಭಾಗಗಳು ಎಷ್ಟು ವರ್ಷ ದೊರೆಯುವುವು? ಬರಹದ ಪ್ರತಿಯೂ ಬೀಗದ ಕೈಯೂ ನಮ್ಮ ವಶಕ್ಕೆ ಬರುವುದೆಂದು ಕರಾರಿನಲ್ಲಿ ಬರೆದಿದೆಯೆ? ಬೇರೆ ತಯಾರಕರ ಮೀಟರಿನೊಡನೆ ಅದು ಮಾತಾಡಬಲ್ಲುದೆ? ೧೯೭೯ರಲ್ಲಿ ಮೋಡಿಕಾನಿನವರೇ ರೂಪಿಸಿದ ಮೋಡ್‌ಬಸ್ ಎಂಬ ಸಂಭಾಷಣೆಯ ನಿಯಮವು ಇಂದಿಗೂ ಬಳಕೆಯಲ್ಲಿದೆ. ನ್ಯಾಮತಿಯ ಪುಟ್ಟ ಕಾರ್ಖಾನೆಯಾಗಲಿ, ದೊಡ್ಡ ನೀರಾವರಿ ಯೋಜನೆಯಾಗಲಿ, ಪ್ರಶ್ನೆಗಳು ಇವೇ.

ಸಿದ್ಧ, ಬಸವರ ಕಾಲದ ಗಳು ಹೋಗಿ ಪೆಟ್ಟಿಗೆ ಬಂದಿರಬಹುದು. ಆದರೆ ಬೆಣೆ ಸವೆದ ದಿನ ಬಡಗಿ ಎಲ್ಲಿದ್ದಾನೆಂಬ ಪ್ರಶ್ನೆ ಹಳೆಯದಾಗಿಲ್ಲ. ಅದನ್ನು ಕೊಳ್ಳುವ ಮೊದಲೇ ಕೇಳಿದವನ ಗದ್ದೆಗೆ ನೀರು ತಪ್ಪುವುದಿಲ್ಲ.