ಕೇತಕರರ ‘ಬ್ರಹ್ಮ’ಗ್ರಹವೂ ‘ಕೇತಕೀ’ ಗ್ರಹಗಣಿತವೂ

ಕ್ರಿ. ಶ. 1930ನೆಯ ಫೆಬ್ರುವರಿ 18ರಂದು ಅಮೆರಿಕದ ಲೋವೆಲ್ ವೇಧಶಾಲೆಯಲ್ಲಿ ಕ್ಲೈಡ್ ಟಾಂಬೋ ಎಂಬ 24 ವರ್ಷದ ತರುಣನು ನೆಪ್ಚೂನಿನಿಂದಾಚೆಗೆ ಚಲಿಸುವ ಗ್ರಹವೊಂದನ್ನು ಛಾಯಾಚಿತ್ರಫಲಕಗಳಲ್ಲಿ ಗುರುತಿಸಿದನು. ಅದೇ ಪ್ಲೂಟೋ. ಇದಕ್ಕೆ 19 ವರ್ಷಗಳ ಹಿಂದೆ, 1911ನೆಯ ಇಸವಿಯಲ್ಲಿ, ಫ್ರಾನ್ಸ್ ದೇಶದ ಖಗೋಲ ಸಂಘದ ಪತ್ರಿಕೆಯಲ್ಲಿ ನಮ್ಮ ವೆಂಕಟೇಶ ಬಾಪೂಜಿ ಕೇತಕರರು ಇಂತಹ ಗ್ರಹವೊಂದು ಇರತಕ್ಕದ್ದೆಂದು ಬರೆದು, ಅದಕ್ಕೆ ‘ಬ್ರಹ್ಮ’ವೆಂದು ಹೆಸರಿಟ್ಟಿದ್ದರು. ಸೂರ್ಯನಿಂದ ಭೂಮಿಗಿರುವ ಮಧ್ಯಮ ದೂರವನ್ನು 1 ಎಂದಿಟ್ಟರೆ ಬ್ರಹ್ಮದ ದೂರವು 38.95 ಎಂದೂ, ಭಗಣಕಾಲವು 242.28 ವರ್ಷಗಳೆಂದೂ ಅವರ ಗಣಿತ. ಪ್ಲೂಟೋವಿನ ದೂರವು ಸುಮಾರು 39.5, ಭಗಣಕಾಲವು ಸುಮಾರು 248 ವರ್ಷ. ಲೋವೆಲ್ ಮಹಾಶಯನು 1915ರಲ್ಲಿ ಪ್ರಕಟಿಸಿದ ಊಹೆಯಲ್ಲಾದರೋ ದೂರವು 43, ಕಾಲವು 282 ವರ್ಷ. ಸಾಮೀಪ್ಯವು ಯಾರದೆಂಬುದು ವಾಚಕರಿಗೆ ತಾನಾಗಿಯೇ ವಿದಿತವಾಗುವುದು.

ಕೇತಕರರು 1854ರಲ್ಲಿ ಜನಿಸಿ, ಬಾಗಲಕೋಟೆಯ ಇಂಗ್ಲಿಷ್ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು, ವೇಧಶಾಲೆಯ ವೇತನವನ್ನುಂಡವರಲ್ಲ. ಇಂಥವರನ್ನು ಈಗ ಹವ್ಯಾಸಿಗಳೆನ್ನುತ್ತಾರೆ. ವಿದ್ಯಾವ್ಯಸನಿಗಳೆಂಬ ಹಳೆಯ ಮಾತೇ ನಮಗೆ ಹೆಚ್ಚು ಸಮಂಜಸವಾಗಿ ತೋರುವುದು. ಟಾಂಬೋ ಸಹ ಮೊದಲು ಹೊಲದ ಕೆಲಸದ ನಡುವೆ ಕೈಯಾರೆ ದೂರದರ್ಶಕವನ್ನು ಕಟ್ಟಿ, ತಾನು ಕಂಡ ಗ್ರಹಗಳ ಚಿತ್ರಗಳನ್ನು ಬರೆದು ಕಳುಹಿಸಿ, ಆ ವೇಧಶಾಲೆಯನ್ನು ಸೇರಿದವನೇ.

ಹಾಗಾದರೆ ಪ್ಲೂಟೋವನ್ನು ಮೊದಲು ಗಣಿಸಿದವರು ಕೇತಕರರೇ ಎಂದು ಹೇಳಬಹುದೇ? ಹೇಳಬೇಕೆಂಬ ಅಭಿಮಾನ ನನಗೂ ಉಂಟು. ಆದರೆ ವಿಚಾರಿಸಿದರೆ ಅದು ನಿಲ್ಲುವುದಿಲ್ಲ. ದೂರವೂ ಕಾಲವೂ ಎರಡೂ ಸರಿಬಂದುವೆಂದು ಎರಡು ಸಾಕ್ಷಿಗಳನ್ನು ಎಣಿಸುವುದು ಮೊದಲನೆಯ ದೋಷ. ಕೆಪ್ಲರನ ನಿಯಮದಂತೆ ದೂರದ ಘನಕ್ಕೆ ವರ್ಗಮೂಲವನ್ನು ತೆಗೆದರೆ ಕಾಲವು ದೊರೆಯುವುದಷ್ಟೆ, 38.95ಕ್ಕೆ ಹಾಗೆ ಮಾಡಿದರೆ ಸುಮಾರು 243 ಬರುವುದು. ಆದುದರಿಂದ ಸರಿಬಂದ ಅಂಕ ಒಂದೇ. ಎರಡನೆಯದಾಗಿ, ಕೇತಕರರು ಬ್ರಹ್ಮದಾಚೆಗೆ ‘ವಿಷ್ಣು’ವೆಂಬ ಮತ್ತೊಂದು ಗ್ರಹವನ್ನೂ ಹೇಳಿದ್ದರು, ಅಂತಹ ಮಹಾಗ್ರಹವು ಇಂದಿಗೂ ದೊರೆತಿಲ್ಲ. ಯುಕ್ತಿಯು ಸಾಧುವಾಗಿದ್ದ ಪಕ್ಷದಲ್ಲಿ ಎರಡೂ ದೊರೆಯಬೇಕಾಗಿತ್ತು. ಲೋವೆಲನ ಊಹೆಯ ಗತಿಯೂ ಇದಕ್ಕಿಂತ ಮೇಲಲ್ಲ. ಯುರೇನಸ್ಸಿನ ಗತಿಯ ವ್ಯತ್ಯಾಸವನ್ನು ಹಿಡಿದು ಅವನು ಗಣಿಸಿದ ಗ್ರಹವು ಭೂಮಿಗಿಂತ ಹಲವು ಮಡಿ ಭಾರವುಳ್ಳದ್ದು. ಪ್ಲೂಟೋವಿನ ಭಾರವು ಭೂಮಿಯ ಭಾರದ ಸುಮಾರು 460ರಲ್ಲೊಂದು ಭಾಗ ಮಾತ್ರ. 1989ರಲ್ಲಿ ವಾಯೇಜರ್ ನೌಕೆಯು ನೆಪ್ಚೂನನ್ನು ಹಾದುಹೋದ ಬಳಿಕ ಆ ಗ್ರಹದ ಭಾರವನ್ನು ತಿದ್ದಲು, ಲೋವೆಲನ ವ್ಯತ್ಯಾಸವೇ ಇಲ್ಲವಾಯಿತು. 2006ರಲ್ಲಿ ಪ್ಲೂಟೋವನ್ನು ಗ್ರಹಪಂಕ್ತಿಯಿಂದಲೇ ಕೆಳಗಿಳಿಸಿ ಕುಬ್ಜಗ್ರಹವೆಂದರು.

ಒಂದು ಮಾತನ್ನು ಮಾತ್ರ ಬಿಡುವಂತಿಲ್ಲ. ಗುರುವಿನ ಉಪಗ್ರಹಗಳ ಗತಿಗಳಲ್ಲಿ ಲಾಪ್ಲಾಸನು ಕಂಡ ಅನುಪಾತವನ್ನು ಕೇತಕರರು ದೂರದ ಗ್ರಹಗಳಿಗೂ ಹಚ್ಚಿ ನೋಡಿದ್ದರು. ಪೂರ್ಣಸಂಖ್ಯೆಗಳ ಅನುಪಾತವೊಂದು ಅಲ್ಲಿ ನಿಜವಾಗಿಯೂ ಉಂಟು: ನೆಪ್ಚೂನು ಸೂರ್ಯನನ್ನು 3 ಸಲ ಸುತ್ತುವಷ್ಟರಲ್ಲಿ ಪ್ಲೂಟೋ 2 ಸಲ ಸುತ್ತುತ್ತದೆ. ಇದು 1965ರಲ್ಲಿ ಸಿದ್ಧವಾಯಿತು. ಕೇತಕರರ ಅಂಕಗಳು ಈ ಅನುಪಾತಕ್ಕೆ ಕೂಡುವುದಿಲ್ಲ. ಆದರೂ ಅವರು ಹುಡುಕಿದ ಜಾತಿಯ ವಸ್ತು ಅಲ್ಲಿತ್ತು.

ಕೇತಕರರ ಕೀರ್ತಿಗೆ ನಿಜವಾದ ಆಧಾರವು ಬೇರೆಡೆಯಲ್ಲಿದೆ. ಪಾಶ್ಚಾತ್ಯರ ನವೀನ ಸಾರಣಿಗಳನ್ನು ಅರಗಿಸಿಕೊಂಡು ಅವರು ‘ಜ್ಯೋತಿರ್ಗಣಿತ’ವನ್ನೂ, ‘ಕೇತಕೀ ಗ್ರಹಗಣಿತ’ವನ್ನೂ ಸಂಸ್ಕೃತದಲ್ಲಿ ರಚಿಸಿದರು. ಗಣೇಶ ದೈವಜ್ಞನ ‘ಗ್ರಹಲಾಘವ’ವನ್ನು ಬಾಯಿಪಾಠ ಮಾಡಿದ ಪಂಚಾಂಗಕರ್ತನು ತನ್ನ ಭಾಷೆಯಲ್ಲಿಯೇ, ತನ್ನ ಪರಿಚಿತ ಕ್ರಮದಲ್ಲಿಯೇ ಹೊಸ ಗಣಿತವನ್ನು ಮಾಡಲು ಇದರಿಂದ ಸಾಧ್ಯವಾಯಿತು.

ಇದರ ಅವಶ್ಯಕತೆಯನ್ನು ಎರಡು ಸಂಗತಿಗಳಿಂದ ತಿಳಿಯಬಹುದು. ಸೂರ್ಯಸಿದ್ಧಾಂತದ ವರ್ಷಮಾನವು 365.25876 ದಿನ, ವಾಸ್ತವವಾದ ನಾಕ್ಷತ್ರವರ್ಷವು 365.25636 ದಿನ. ವರ್ಷಕ್ಕೆ ಸುಮಾರು ಎಂಟೂವರೆ ಪಳಗಳ ಈ ಅಂತರವು 1400 ವರ್ಷಗಳಲ್ಲಿ ಮೂರು ದಿನಗಳನ್ನು ಮೀರುವುದು. ಚಂದ್ರನದು ಇನ್ನೂ ಸೂಕ್ಷ್ಮ. ಪ್ರಾಚೀನರು ಚಂದ್ರನಿಗೆ ಸುಮಾರು 5 ಅಂಶಗಳ ಮಂದಫಲವೊಂದನ್ನೇ ಹೇಳಿದರು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇದು ಹೆಚ್ಚುಕಡಮೆ ಸರಿಬರುವುದು. ಅಷ್ಟಮಿಯ ಆಸುಪಾಸಿನಲ್ಲಿಯಾದರೋ ಎರಡೂವರೆ ಅಂಶಗಳವರೆಗೆ ತಪ್ಪಬಹುದು, ಎಂದರೆ ತಿಥಿಯ ಅಂತ್ಯವು ಸುಮಾರು 12 ಘಳಿಗೆ ಹಿಂದುಮುಂದಾಗಬಹುದು. ಪರೀಕ್ಷೆಯು ಗ್ರಹಣಗಳಿಂದ ನಡೆಯುತ್ತಿತ್ತು; ಗ್ರಹಣಗಳು ಪರ್ವಗಳಲ್ಲಿಯೇ ಆಗತಕ್ಕವು; ಆದುದರಿಂದ ದೋಷವು ಬಹುಕಾಲ ಅಡಗಿಯೇ ಇತ್ತು. ‘ಬಾಣವೃದ್ಧಿ ರಸಕ್ಷಯ’ ಎಂಬ ವಾಕ್ಯವನ್ನು ಹಿಡಿದು, ತಿಥಿಯು 65 ಘಳಿಗೆಗೆ ಮೀರದು, 54ಕ್ಕೆ ಇಳಿಯದು ಎಂದು ಸಾಂಪ್ರದಾಯಿಕರು ವಾದಿಸಿದರು. ದೃಗ್ಗಣಿತದವರದು ‘ಸಪ್ತವೃದ್ಧಿ ದಶಕ್ಷಯ’: 67ರಿಂದ 50ರವರೆಗೆ. ಏಕಾದಶಿಯ ಉಪವಾಸವೂ ಶ್ರಾದ್ಧದ ದಿನವೂ ಇದರ ಮೇಲೆ ನಿಂತಿರುವುದರಿಂದ ಕಲಹವು ಮನೆಯೊಳಕ್ಕೂ ಹೊಕ್ಕಿತು.

ರಾಶಿಚಕ್ರದ ಆದಿಬಿಂದುವಿನ ವಿಷಯದಲ್ಲಿ ಕೇತಕರರು ಚಿತ್ರಾಪಕ್ಷದ ಪ್ರತಿಪಾದಕರು. ಚಿತ್ರಾನಕ್ಷತ್ರಕ್ಕೆ 180 ಅಂಶ ಎದುರಿಗಿರುವ ಸ್ಥಾನವೇ ಮೇಷಾದಿ. ಟಿಳಕರ ಕಡೆಯವರು ರೇವತೀಪಕ್ಷವನ್ನು ಹಿಡಿದರು. ಎರಡಕ್ಕೂ ಸುಮಾರು 4 ಅಂಶಗಳ ಅಂತರ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗಸುಧಾರಣಾ ಸಮಿತಿಯು 1955ರ ವರದಿಯಲ್ಲಿ ಸ್ಥೂಲವಾಗಿ ಚಿತ್ರಾಪಕ್ಷವನ್ನೇ ಸ್ವೀಕರಿಸಿತು. ಅದನ್ನು ನೋಡಲು ಕೇತಕರರು ಇರಲಿಲ್ಲ. ಪ್ಲೂಟೋ ದೊರೆತ 1930ರಲ್ಲಿಯೇ ಅವರು ಕೀರ್ತಿಶೇಷರಾಗಿದ್ದರು.

ನಾನು ಪಾಠಶಾಲೆಯಲ್ಲಿ ಸೂರ್ಯಸಿದ್ಧಾಂತದ ಸ್ಪಷ್ಟಾಧಿಕಾರವನ್ನು ಓದುತ್ತಿದ್ದಾಗ ಅಷ್ಟಮಿಯ ಚಂದ್ರನನ್ನು ಎಷ್ಟೋ ಸಲ ಹಲಗೆಯ ಮೇಲೆ ಗಣಿಸಿದ್ದುಂಟು. ಹೊರಗೆ ಬಂದು ಅವನು ಯಾವ ನಕ್ಷತ್ರದ ಬಳಿಯಲ್ಲಿದ್ದಾನೆಂದು ನೋಡಿರೆಂದು ಯಾರೂ ಹೇಳಲಿಲ್ಲ, ನಾವಾಗಿಯೂ ನೋಡಲಿಲ್ಲ.